ನಾಲ್ಕನೇ ಖೋಲಿಯ ಗಂಗವ್ವ

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ ನಾನು ದಾಂಡೇಲಿಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆಗೆ ಮೇಲ್ವಿಚಾರಕಿಯಾಗಿ ಸೇರಿದೆ. ಅದಕ್ಕೆ ಮೊದಲು ಹಳಿಯಾಳ ತಾಲ್ಲೂಕಿನಲ್ಲಿ ಅಂಗನವಾಡಿಗಳ ಮೇಲ್ವಿಚಾರಣೆ ಮಾಡಿ ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂತು ಎರಡು ತಿಂಗಳಾಗುವಷ್ಟರಲ್ಲಿ ಬೇಸರ ಬಂದಿತ್ತು. ಪರಿಚಯದವರೊಬ್ಬರು ಈ ಕೆಲಸದ ವಿಷಯ ಹೇಳಿದಾಗ, ಇದು ಏನು ಕೆಲಸ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳದೆಯೇ ಒಪ್ಪಿಕೊಂಡೆ.

ಕೆಲಸ ಇಷ್ಟು. ಬಸ್ ನಿಲ್ದಾಣ, ಮಾರುಕಟ್ಟೆ, ಅಂಗಡಿಗಳ ಕಟ್ಟೆಯ ಮೇಲೆ ಮಲಗುವವರಿಗೆ ಮೊದಲು ರಾತ್ರಿ ಆಶ್ರಯ ಕೇಂದ್ರದಲ್ಲಿ ಒಂದು ಹಾಸಿಗೆ ಸಿಗುತ್ತದೆ. ಆದರೆ ಹಾಸಿಗೆಯಿಂದ ನೇರವಾಗಿ ಬಾಡಿಗೆ ಮನೆಗೆ ಹೋಗಿ ಬದುಕುವುದು ಎಲ್ಲರಿಗೂ ಆಗುವುದಿಲ್ಲ. ಅದಕ್ಕಾಗಿ ನಡುವೆ ಒಂದು ವ್ಯವಸ್ಥೆ ಇದೆ, ಪರಿವರ್ತನಾ ವಸತಿ. ಅಲ್ಲಿ ಒಬ್ಬೊಬ್ಬರಿಗೆ ಒಂದು ಕೋಣೆ, ಅವರದೇ ಬೀಗದ ಕೈ, ಅವರದೇ ಒಲೆ. ಆಧಾರ್, ರೇಷನ್ ಕಾರ್ಡ್, ಔಷಧಿ, ಕೆಲಸ ಇವಕ್ಕೆ ನಾವು ಜೊತೆಗೆ ಓಡಾಡುತ್ತೇವೆ. ಅವಧಿ ಆರು ತಿಂಗಳು. ಅಷ್ಟರಲ್ಲಿ ಅವರು ಸ್ವಂತ ಬಾಡಿಗೆ ಕೋಣೆ ಹಿಡಿಯಬೇಕು, ಇಲ್ಲವೇ ತಮ್ಮ ಮನೆಯವರ ಹತ್ತಿರ ಮರಳಬೇಕು. ನಮ್ಮದು ಒಂದು ಹಳೆಯ ಕ್ವಾರ್ಟರ್ಸ್, ಒಂದೇ ಸಾಲಿನಲ್ಲಿ ಆರು ಕೋಣೆ. ಸುತ್ತಲಿನವರು ಅದನ್ನು ‘ಆರ್ ಖೋಲಿ’ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆಯತೊಡಗಿದೆವು.

ಗಂಗವ್ವ ನಾಲ್ಕನೇ ಖೋಲಿಗೆ ಬಂದದ್ದು ನಾನು ಸೇರಿದ ಮೊದಲ ಮಳೆಗಾಲ ಮುಗಿಯುವಾಗ. ಐವತ್ತರ ಆಸುಪಾಸಿನ ಸಿದ್ದಿ ಸಮುದಾಯದ ಹೆಣ್ಣುಮಗಳು, ಎತ್ತರದ ಆಳು, ಮಾತು ಕಡಿಮೆ. ಅದಕ್ಕೆ ಮೊದಲು ಆಕೆ ನಾಲ್ಕು ತಿಂಗಳು ದಾಂಡೇಲಿಯ ಬಸ್ ನಿಲ್ದಾಣದಲ್ಲಿ, ಎರಡು ತಿಂಗಳು ಆಶ್ರಯ ಕೇಂದ್ರದಲ್ಲಿ ಇದ್ದರು. ಕುಡಿತವಿಲ್ಲ, ಕಾಯಿಲೆಯಿಲ್ಲ, ಬುದ್ಧಿ ನೆಟ್ಟಗಿದೆ. ನದಿ ದಂಡೆಯ ಒಂದು ಹೋಮ್‌ಸ್ಟೇಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸವನ್ನು ತಾವೇ ಹುಡುಕಿಕೊಂಡಿದ್ದರು. ದಾಖಲಾತಿ ಫಾರಂ ತುಂಬಿಸುವಾಗ ‘ಹತ್ತಿರದ ಸಂಬಂಧಿಕರು’ ಎಂಬ ಜಾಗಕ್ಕೆ ಬಂದಾಗ ಕೇಳಿದೆ.

“ಯಾರೂ ಇಲ್ರಿ ಅಕ್ಕಾರ” ಎಂದರು.

ನಾನು ಅಲ್ಲಿ ಒಂದು ಗೆರೆ ಎಳೆದೆ. ಇಷ್ಟು ಸುಲಭದ ಪ್ರಕರಣ ಇನ್ನೊಂದಿಲ್ಲ ಎಂದುಕೊಂಡೆ.

ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಗಣಪತಿ ಎಂಬುವವರು ಆಫೀಸಿಗೆ ಬಂದರು. ಮುಂಡಗೋಡ ತಾಲ್ಲೂಕಿನ ಇಂದೂರಿನವರು, ಗದ್ದೆ ಕೆಲಸದವರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಳೆಯ ಮದುವೆ ಫೋಟೋ ಇತ್ತು. ಅವರ ಊರಿನ ಡ್ರೈವರೊಬ್ಬ ಹೋಮ್‌ಸ್ಟೇಗೆ ಜನರನ್ನು ಬಿಡಲು ಬಂದಾಗ ಗಂಗವ್ವನನ್ನು ನೋಡಿ ಗುರುತು ಹಿಡಿದಿದ್ದನಂತೆ.

“ನಮ್ಮ ಅಣ್ಣನ ಹೇಣ್ತಿ ರೀ ಆಕಿ” ಎಂದರು ಗಣಪತಿ. “ಇಪ್ಪತ್ತು ವರ್ಷಾತು ಮನಿ ಬಿಟ್ಟು.”

ಫೋಟೋದಲ್ಲಿದ್ದ ಹುಡುಗಿ ಗಂಗವ್ವನೇ ಎಂಬುದರಲ್ಲಿ ಸಂಶಯವಿರಲಿಲ್ಲ. ಕೆಲಸದಿಂದ ಕರೆಸಿದೆ. ಆಕೆ ಬಾಗಿಲಲ್ಲಿ ನಿಂತು ಅವರನ್ನು ನೋಡಿದರು. ನಾನು, “ಇವರು ಗೊತ್ತೇನ್ರಿ ನಿಮಗ?” ಎಂದು ಕೇಳಿದೆ.

“ಹೌದ್ರಿ. ನನ್ನ ಮೈದುನ.”

“ವೈನಿ, ಅಣ್ಣಾ ಅದಾನ” ಎಂದರು ಗಣಪತಿ. “ಮೈಗೆ ಆರಾಮಿಲ್ಲ. ಲಕ್ವಾ ಹೊಡದೈತಿ. ನಿನ್ನ ಹೆಸರು ಹೇಳಿ ಹೇಳಿ ಅಳ್ತಾನ.”

ಗಂಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಯಾವಾಗ ಬಂದ್ರು ಅವರು?”

“ನೀ ಹ್ವಾದ ಮರುವರ್ಷನ ಬಂದ.”

ಆಕೆ, ಬಟ್ಟೆ ನೆನೆ ಹಾಕಿ ಬಂದಿದ್ದೇನೆ ಎಂದು ಹೇಳಿ ವಾಪಸ್ ಕೆಲಸಕ್ಕೆ ಹೋಗಿಬಿಟ್ಟರು. 

ಉಳಿದದ್ದನ್ನು ಗಣಪತಿಯೇ ಹೇಳಿದರು. ಅಣ್ಣ ಪರಶುರಾಮ ಗೋವಾಕ್ಕೆ ಮೀನಿನ ಬೋಟಿನ ಕೆಲಸಕ್ಕೆ ಹೋದವನು ಎರಡು ವರ್ಷ ಸುದ್ದಿಯಿರಲಿಲ್ಲ. ಮಕ್ಕಳಿರಲಿಲ್ಲ. ಗಂಗವ್ವ ಗಂಡನನ್ನು ಹುಡುಕಿಕೊಂಡು ಬರುತ್ತೇನೆಂದು ಹೊರಟವಳು ತಿರುಗಿ ಬರಲಿಲ್ಲ. ಒಂದು ವರ್ಷದ ನಂತರ ಪರಶುರಾಮ ಮುರಿದ ಕಾಲು ಕೂಡಿಸಿಕೊಂಡು ಕುಂಟುತ್ತ ಊರಿಗೆ ಬಂದ. ಹೆಂಡತಿಯನ್ನು ಹುಡುಕಲು ಗೋವಾ ಗಡಿಯ ಅನಮೋಡದವರೆಗೆ ಒಮ್ಮೆ ಹೋಗಿದ್ದ. ಚೆಕ್‌ಪೋಸ್ಟಿನವರನ್ನು, ಚಹಾ ಅಂಗಡಿಯವರನ್ನು ಕೇಳಿ ಬರಿಗೈಲಿ ವಾಪಸಾದ. ಊರಿನವರು ಆಕೆ ಯಾರದೋ ಜೊತೆ ಹೋದಳೆಂದರು. ಅವನು ಇನ್ನೊಂದು ಮದುವೆಯಾಗಲಿಲ್ಲ.

ಮನೆಯವರ ಹತ್ತಿರ ಕಳಿಸುವ ಮೊದಲು ನಾವು ಹೋಗಿ ನೋಡಿ ಬರಬೇಕೆಂಬುದು ನಿಯಮ. ಇಂದೂರಿಗೆ ಹೋದೆ. ಚಿಕ್ಕ ಮನೆ, ಚೊಕ್ಕಟವಾಗಿತ್ತು. ಗಣಪತಿಯ ಹೆಂಡತಿ ಒಳ್ಳೆಯ ಮಾತಿನವಳು. ಪರಶುರಾಮ ಹೊರಸಿನ ಮೇಲೆ ಮಲಗಿದ್ದರು. ಎಡಭಾಗ ಬಿದ್ದುಹೋಗಿತ್ತು, ನಾಲಿಗೆ ತೊದಲುತ್ತಿತ್ತು. ಅವರು ನನ್ನನ್ನು ಒಂದೇ ಮಾತು ಕೇಳಿದರು. “ಬರ್ತಾಳಂತೇನ್ರಿ?”

ನಾನು ಬಸ್ಸಿನಲ್ಲಿ ಬರುವಾಗಲೇ ಮನಸ್ಸಿನಲ್ಲಿ ವರದಿ ಬರೆದು ಮುಗಿಸಿದ್ದೆ. ನಮ್ಮ ಕೆಲಸದಲ್ಲಿ ‘ಕುಟುಂಬ ಪುನರ್ಮಿಲನ’ ಎಂಬುದು ದೊಡ್ಡ ಮಾತು. ವರ್ಷದ ವರದಿಯಲ್ಲಿ ಅದಕ್ಕೆ ಬೇರೆಯೇ ಕಾಲಂ ಇದೆ.

ಗಂಗವ್ವನನ್ನು ಕೂರಿಸಿಕೊಂಡು ಕೇಳಿದೆ. “ಹೋಗ್ತೀರೇನ್ರಿ?”

“ಹೂಂ ರೀ.”

“ಮನಸಾರೆ ಹೋಗ್ತೀರಿ?”

“ಹೋಗಬೇಕಲ್ಲರಿ.”

ಈ ಎರಡನೆಯ ಉತ್ತರವನ್ನು ನಾನು ಕೇಳಿಸಿಕೊಂಡೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದೆ. ಗಣಪತಿ ಬಂದು ಕರೆದುಕೊಂಡು ಹೋದರು. ನಾಲ್ಕನೇ ಖೋಲಿ ಖಾಲಿಯಾಯಿತು ಎಂದು ಫೈಲಿನಲ್ಲಿ ಬರೆದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಊಟ ಮಾಡುತ್ತಿದ್ದೆ. ನಮ್ಮಲ್ಲಿ ಕಸ ಗುಡಿಸುವುದು, ಬೀಗದ ಕೈ ನೋಡಿಕೊಳ್ಳುವುದು ಎಲ್ಲ ಮಾಡುತ್ತಿದ್ದ ಜೈನಾಬಿ ಬಂದು, “ಅಕ್ಕಾರ, ಗಂಗವ್ವ ಬಂದಾರ” ಎಂದಳು. ಜೈನಾಬಿಯೂ ಮೊದಲು ಆರ್ ಖೋಲಿಯಲ್ಲಿ ವಾಸವಿದ್ದವಳೇ, ನಂತರ ನಮ್ಮಲ್ಲಿಯೇ ಕೆಲಸಕ್ಕೆ ಸೇರಿದ್ದಳು. ಹೊರಗೆ ಬಂದು ನೋಡಿದರೆ ಗಂಗವ್ವ ಚೀಲ ಹಿಡಿದುಕೊಂಡು ಗೇಟಿನ ಆಚೆ ನಿಂತಿದ್ದರು. ಒಳಗೆ ಬರಬಹುದೋ ಇಲ್ಲವೋ ಎಂಬಂತೆ.

“ಏನಾತ್ರಿ? ಬೈದರೇನು?”

“ಇಲ್ರಿ. ಭಾಳ ಚಲೋ ನೋಡ್ಕೊಂಡ್ರು.”

“ಮತ್ತ ಯಾಕ ಬಂದ್ರಿ?”

“ಗೊತ್ತಿಲ್ರಿ.”

ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಸಿಗೆ ಹಿಡಿದ ಗಂಡ, ಕರೆದು ಇಟ್ಟುಕೊಂಡ ಮೈದುನ, ಇನ್ನೇನು ಬೇಕು ಈ ಹೆಂಗಸಿಗೆ ಎನ್ನಿಸಿತು. ಆದರೆ ಖೋಲಿ ಇನ್ನೂ ಬೇರೆಯವರಿಗೆ ಕೊಟ್ಟಿರಲಿಲ್ಲ. ಜೈನಾಬಿ ನನ್ನನ್ನು ಕೇಳದೆಯೇ ಹೋಗಿ ಬೀಗ ತೆಗೆದಳು.

ಅದೇ ವಾರ ಇನ್ನೊಬ್ಬಳು ಬಂದಳು. ಇಪ್ಪತ್ತು ವರ್ಷದ ಹುಡುಗಿ, ಆರು ತಿಂಗಳ ಬಸುರಿ, ಹೆಸರು ರೋಜಿ. ಜೋಯಿಡಾದಾಚೆಯ ಕುಂಬಾರವಾಡದಿಂದ ಬೆಳಿಗ್ಗೆಯ ಬಸ್ ಹಿಡಿದು ಬಂದು, ನಿಲ್ದಾಣದಲ್ಲಿ ಕೇಳಿಕೊಂಡು ನಮ್ಮಲ್ಲಿಗೆ ತಲುಪಿದ್ದಳು. ಕೊಂಕಣಿ ಬೆರೆತ ಕನ್ನಡದಲ್ಲಿ, ತಾನು ಗಂಗವ್ವನ ಮಗಳು, ತಾಯಿಯನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದಳು.

ಆಕೆಗೆ ಮಕ್ಕಳಿಲ್ಲವೆಂದು ಗಣಪತಿ ಹೇಳಿದ್ದರು. ಫಾರಂನಲ್ಲಿ ಯಾರೂ ಇಲ್ಲವೆಂದಿತ್ತು. ಹೆರಿಗೆ ಹತ್ತಿರ ಬಂದಿದೆ, ಬಾಣಂತನಕ್ಕೆ ಬಿಟ್ಟಿ ಕೈ ಬೇಕಾಗಿ ಯಾರೋ ಕಥೆ ಕಟ್ಟಿಕೊಂಡು ಬಂದಿದ್ದಾರೆ ಎಂದು ನಾನು ನಿರ್ಧರಿಸಿಬಿಟ್ಟೆ. ಕೆಲಸಕ್ಕೆ ಜನರನ್ನು ಹಾಗೆ ಕರೆದೊಯ್ಯುವವರನ್ನು ನೋಡಿದ್ದೆ. ಗುರುತಿನ ದಾಖಲೆ ತಂದು ತೋರಿಸು ಎಂದೆ.

“ಆಯಿಯ ಗುರುತಿಗೆ ಯಾವ ಕಾಗದ ಕೊಡೂದು ಅಕ್ಕಾ?” ಎಂದು ಕೇಳಿದಳು ರೋಜಿ. “ನನ್ನ ಸಾಕಿದ್ದಕ್ಕೆ ಯಾರೂ ಕಾಗದ ಬರೆದುಕೊಟ್ಟಿಲ್ಲ.”

ನಾನು ಜಗ್ಗಲಿಲ್ಲ. ಅವಳು ಹೋಗಲೂ ಇಲ್ಲ, ಜಗಲಿಯ ಮೇಲೆ ಕೂತಳು. ಸಂಜೆ ನಾಲ್ಕೂವರೆಗೆ ಗಂಗವ್ವ ಕೆಲಸದಿಂದ ಬಂದರು. ಹುಡುಗಿಯನ್ನು ನೋಡಿದವರೇ ಹತ್ತಿರ ಹೋಗಿ ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟರು. ಆಮೇಲೆ ಅವಳ ಕೂದಲು ಬಿಚ್ಚಿ, ಒಳಗಿನಿಂದ ಬಾಚಣಿಗೆ ತಂದು ಬಾಚತೊಡಗಿದರು. ಇಬ್ಬರೂ ತಮ್ಮ ಮನೆಮಾತಿನಲ್ಲಿ ಮೆಲ್ಲಗೆ ಮಾತಾಡಿಕೊಂಡರು. ಗಂಗವ್ವ ಅಷ್ಟೊಂದು ಮಾತಾಡುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾನು ಆಫೀಸಿನೊಳಗೆ ಹೋಗಿ ಸುಮ್ಮನೆ ಫೈಲು ಬಿಡಿಸಿಕೊಂಡು ಕೂತೆ. ಏನು ಓದಿದೆ ಎಂಬುದು ನೆನಪಿಲ್ಲ.

ರೋಜಿಯನ್ನು ಅಂದು ಒಬ್ಬಳನ್ನೇ ವಾಪಸ್ ಕಳಿಸಿದೆ. ಗಂಗವ್ವನನ್ನು ಮರುದಿನ ಕೇಳಿದೆ, ಅದರ ಮರುದಿನವೂ ಕೇಳಿದೆ. ಎಲ್ಲಿಗೆ ಹೋಗುತ್ತೀರಿ, ಇಂದೂರೋ ಕುಂಬಾರವಾಡವೋ, ಇಲ್ಲೇ ಕೋಣೆ ನೋಡಬೇಕೋ. ಪ್ರತಿ ಸಲವೂ ಗೊತ್ತಿಲ್ಲ ಎಂಬುದೇ ಉತ್ತರ. ಮೂರನೆಯ ದಿನ ಜೈನಾಬಿ ನನ್ನ ಮೇಜಿನ ಮುಂದೆ ಕಸಬರಿಗೆ ಹಿಡಿದು ನಿಂತಳು.

“ಅಕ್ಕಾರ, ನೀವು ಎಲ್ಲಿಗೆ ಹೋಗ್ತಿ ಎಲ್ಲಿಗೆ ಹೋಗ್ತಿ ಅಂತ ಕೇಳಾಕತ್ತೀರಿ. ಎಲ್ಲಿಂದ ಬಂದೆ ಅನ್ನೂದನ್ನ ಆಕಿ ಇನ್ನಾ ಯಾರ ಮುಂದೂ ಹೇಳಿಲ್ಲ.”

ಆ ಭಾನುವಾರ ನಾನು ಫಾರಂ ಇಲ್ಲದೆ ನಾಲ್ಕನೇ ಖೋಲಿಗೆ ಹೋದೆ. ಗಂಗವ್ವ ಅಕ್ಕಿ ಆರಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಆರಿಸತೊಡಗಿದೆ. ಅವರು ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತೇನೆ.

ಗೋವಾದಲ್ಲಿ ಒಂದು ತಿಂಗಳು ಅಲೆದರೂ ಗಂಡ ಸಿಗಲಿಲ್ಲ. ಬೋಟು ಮುಳುಗಿ ಎಷ್ಟೋ ಜನ ಹೋದರು ಎಂದು ಯಾರೋ ಹೇಳಿದರು. ಹಿಂದಿರುಗುವಾಗ ಅನಮೋಡದಲ್ಲಿ ಭತ್ತದ ನಾಟಿಗೆ ಹೆಣ್ಣಾಳು ಬೇಕೆಂದು ಒಂದು ಟ್ರಕ್ ನಿಂತಿತ್ತು. ಎಂಟು ದಿನದ ಕೆಲಸವೆಂದು ಹತ್ತಿದರು. ಕುಂಬಾರವಾಡದ ಆ ಗದ್ದೆಯ ಪಕ್ಕದ ಮನೆ ಸಾಂತಾನ್ ಎಂಬ ವಿಧುರನದು. ಅವನೂ ಸಿದ್ದಿಯೇ, ಕ್ರಿಶ್ಚಿಯನ್ನರವನು. ಒಂದು ವರ್ಷದ ಹೆಣ್ಣು ಕೂಸು ಸೊಂಟದ ಮೇಲೆ ಹಾಕಿಕೊಂಡು ಗಂಜಿ ಕುದಿಸುತ್ತಿದ್ದ. ಕೂಸು ಎಡೆಬಿಡದೆ ಅಳುತ್ತಿತ್ತು. ಗಂಗವ್ವ ಕೆಸರು ಕೈ ತೊಳೆದುಕೊಂಡು ಹೋಗಿ ಅದನ್ನು ಎತ್ತಿಕೊಂಡರು. ಎಂಟು ದಿನ ಹೋಗಿ ಹತ್ತೊಂಬತ್ತು ವರ್ಷವಾಯಿತು. ಸಾಂತಾನ್‌ಗೂ ಆಕೆಗೂ ಇದ್ದ ಸಂಬಂಧ ಏನೆಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಸಾಂತಾನ್ ತೀರಿಕೊಂಡ. ರೋಜಿಯ ಮದುವೆ ಅದೇ ಊರಿನಲ್ಲಾಯಿತು. ಮನೆ ಸಾಂತಾನ್‌ನ ಅಣ್ಣತಮ್ಮಂದಿರಿಗೆ ಹೋಯಿತು. ರೋಜಿಯ ಅತ್ತೆ ಒಂದು ದಿನ, “ಇವಳು ನಿನಗೆ ಯಾರು?” ಎಂದು ಸೊಸೆಯನ್ನು ಕೇಳಿದ್ದು ಗಂಗವ್ವನ ಕಿವಿಗೆ ಬಿತ್ತು. ಹುಡುಗಿಯ ಸಂಸಾರದಲ್ಲಿ ತಾನೊಂದು ಜಗಳವಾಗಬಾರದೆಂದು ಚೀಲ ಹಿಡಿದು ದಾಂಡೇಲಿಗೆ ಇಳಿದರು. ರೋಜಿ ಈಗ ಗಂಡನೊಂದಿಗೆ ಬೇರೆ ಮನೆ ಮಾಡಿದ್ದಳು. ಅದಕ್ಕೇ ಕರೆಯಲು ಬಂದದ್ದು.

“ಬಸ್ ಸ್ಟ್ಯಾಂಡಿನ್ಯಾಗ ನಾಲ್ಕು ತಿಂಗಳು ಯಾಕ ಕುಂತ್ರಿ?” ಎಂದು ಕೇಳಿದೆ.

“ಅಲ್ಲಿಂದ ಜೋಯಿಡಾ ಕಡೀಗೂ ಬಸ್ ಹೋಗ್ತಾವ, ಹಳಿಯಾಳದ ಮ್ಯಾಲ ಇಂದೂರ ಕಡೀಗೂ ಹೋಗ್ತಾವ. ದಿನಾ ನೋಡ್ತಿದ್ನಿ. ಯಾವುದನ್ನ ಹತ್ತಿದ್ರೂ ಇನ್ನೊಂದಕ್ಕ ಮೋಸ ಮಾಡಿದಂಗ ಅನ್ನಿಸ್ತಿತ್ರಿ.”

“ಇಂದೂರಿಗೆ ಹೋದಾಗ ಏನಾತು?”

ಅವರು ಅಕ್ಕಿಯ ಮೊರವನ್ನು ಕೆಳಗಿಟ್ಟರು. “ಅವರಿಗೆ ಉಣಸ್ತಿದ್ದೆ, ಮೈ ಒರಸ್ತಿದ್ದೆ. ಅವರು ಎಲ್ಲಿದ್ದಿ, ಎಲ್ಲಿದ್ದಿ ಅಂತ ಕೇಳ್ತಿದ್ರು. ಒಂದು ಹುಡುಗೀನ ಸಾಕಿದೆ ಅಂತ ಹೇಳಾಕ ಬಾಯಿ ಬರಲಿಲ್ಲ. ಹೇಳದಽ ಅಲ್ಲಿ ಇರಾಕೂ ಆಗಲಿಲ್ಲ.”

ಇಷ್ಟು ತಿಳಿದ ಮೇಲೆ ನನ್ನ ಗೊಂದಲ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಬೆಳಿಗ್ಗೆ ಎದ್ದಾಗ ಆಕೆ ಇಂದೂರಿಗೇ ಹೋಗಬೇಕು, ಗಂಡ ಎಷ್ಟು ದಿನ ಇರುತ್ತಾನೋ ಎನ್ನಿಸುತ್ತಿತ್ತು. ಸಂಜೆಯ ಹೊತ್ತಿಗೆ ರೋಜಿಯ ತಲೆ ಬಾಚುತ್ತಿದ್ದ ಕೈ ನೆನಪಾಗುತ್ತಿತ್ತು. ಎರಡೂ ಕಡೆ ಬೇಕಾದದ್ದು ಆಕೆಯ ದುಡಿಯುವ ಕೈಯೇ ಅಲ್ಲವೇ ಎಂಬ ಸಂಶಯ ಒಮ್ಮೆ ಬಂದರೆ, ಪ್ರೀತಿ ಇರುವಲ್ಲಿ ಆ ಲೆಕ್ಕವನ್ನು ಯಾರು ಮಾಡುತ್ತಾರೆ ಎಂದು ಇನ್ನೊಮ್ಮೆ. ಮೂವತ್ತು ವರ್ಷ ಸರಕಾರಿ ಕೆಲಸ ಮಾಡಿದವಳು ನಾನು, ಸುತ್ತೋಲೆ ಇಲ್ಲದ ಕಡೆ ನಿಂತು ಅಭ್ಯಾಸವಿರಲಿಲ್ಲ.

ಆರು ತಿಂಗಳ ಅವಧಿ ಮುಗಿಯುವ ಮುನ್ನ ಪರಿಶೀಲನಾ ಸಭೆ ಬಂತು. ನಾನು ಮೂರು ತಿಂಗಳ ವಿಸ್ತರಣೆಗೆ ಅರ್ಜಿ ಬರೆದಿದ್ದೆ. ಕಾರಣದ ಜಾಗದಲ್ಲಿ ‘ನಿವಾಸಿ ಇನ್ನೂ ನಿರ್ಧರಿಸಿಲ್ಲ’ ಎಂದಷ್ಟೇ ಇತ್ತು. ಸಭೆಯ ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಕರಿಯಾಕ ಎರಡು ಮನಿ ಅದಾವ. ಆರು ತಿಂಗಳಾದ್ರೂ ನಿರ್ಧಾರ ಆಗಿಲ್ಲಂದ್ರ ಹೆಂಗ್ರಿ ಮೇಡಮ್? ಮನೀನ ಇಲ್ಲದವ್ರು ಹೊರಗ ಕಾಯಾಕತ್ತಾರ.”

ಅವರ ಮಾತು ತಪ್ಪಾಗಿರಲಿಲ್ಲ. ಆಶ್ರಯ ಕೇಂದ್ರದಲ್ಲಿ ಆ ಖೋಲಿಗಾಗಿ ಇಬ್ಬರು ಕಾಯುತ್ತಿದ್ದರು.

“ಇಪ್ಪತ್ತು ವರ್ಷದ ಗಂಟು ಸರ್” ಎಂದೆ. “ಆಕಿಗೆ ಅದನ್ನ ಬಿಚ್ಚಾಕ ಆರು ತಿಂಗಳು ಸಾಲಲಿಲ್ಲ. ನಾ ಜಗ್ಗಿದ್ರ ಹರೀತೈತಿ. ಒಂದ್ಸಲ ಜಗ್ಗಿ ನೋಡೀನಿ.”

ಅವರು ಪೆನ್ನು ತೆಗೆದು ಸಹಿ ಮಾಡಿದರು. ಮತ್ತೆ ವಿಸ್ತರಣೆ ಇಲ್ಲ ಎಂದು ಪಕ್ಕದಲ್ಲಿ ಬರೆದರು.

ಆಮೇಲಿನ ವಾರಗಳಲ್ಲಿ ಗಂಗವ್ವ ತಾವೇ ಒಂದು ದಾರಿ ಮಾಡಿಕೊಂಡರು. ಹೋಮ್‌ಸ್ಟೇಗೆ ಜನ ಕಡಿಮೆಯಿರುವ ದಿನಗಳಲ್ಲಿ ಇಂದೂರಿಗೆ ಹೋಗಿ ಮೂರು ದಿನ ಗಂಡನ ಹತ್ತಿರ ಇದ್ದು ಬರುವುದು. ಇನ್ನೊಂದು ವಾರ ಕುಂಬಾರವಾಡ. ಮಧ್ಯೆ ನಾಲ್ಕನೇ ಖೋಲಿ. ಎರಡನೆಯ ಸಲ ಇಂದೂರಿನಿಂದ ಬಂದಾಗ, “ಹುಡುಗಿ ವಿಷಯ ಅವರ ಮುಂದ ಹೇಳಿದ್ನಿ” ಎಂದರು. ಏನೆಂದರು ಎಂದು ಕೇಳಿದೆ. “ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು. ಮುಂಜಾನೆ ಆಕಿ ಹೆಸರೇನು ಅಂತ ಕೇಳಿದ್ರು.”

ಏಪ್ರಿಲ್ ತಿಂಗಳಲ್ಲಿ ರೋಜಿಗೆ ಹೆರಿಗೆಯಾಯಿತು, ಗಂಡು ಮಗು. ಗಂಗವ್ವ ಬಾಣಂತನಕ್ಕೆ ಹೋದರು. ಹೋಗುವ ಮುನ್ನ ನನ್ನನ್ನು ಕೇಳಿದ್ದರು. “ಹೋಗಲೇನ್ರಿ? ಇಂದೂರಾಗ ಅವರಿಗೆ ಉಬ್ಬಸ ಜಾಸ್ತಿ ಆಗೈತಂತ.” ನಿಮಗೆ ಏನನ್ನಿಸುತ್ತದೋ ಹಾಗೆ ಮಾಡಿ ಎಂದೆ. ಅದು ಗೌರವದ ಮಾತೋ, ಜವಾಬ್ದಾರಿ ಜಾರಿಸಿದ ಮಾತೋ ನನಗೆ ಇವತ್ತಿಗೂ ತಿಳಿಯದು.

ಆಕೆ ಹೋದ ಒಂಬತ್ತನೆಯ ದಿನ ಬೆಳಿಗ್ಗೆ ಗಣಪತಿಯ ಫೋನ್ ಬಂತು. ಪರಶುರಾಮ ತೀರಿಕೊಂಡಿದ್ದರು. ರೋಜಿಯ ಮನೆಯಿರುವ ಕಡೆ ನೆಟ್‌ವರ್ಕ್ ಇಲ್ಲ. ನಾನು ಬಸ್ ನಿಲ್ದಾಣಕ್ಕೆ ಓಡಿ, ಕುಂಬಾರವಾಡದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಚೀಟಿ ಕೊಟ್ಟು, ಯಾವ ಮನೆಯೆಂದು ಮೂರು ಸಲ ಹೇಳಿದೆ. ಅವರು ತಲುಪಿಸಿದರು. ಆದರೆ ತಿರುಗಿ ಬರುವ ಬಸ್ ಮರುದಿನವೇ. ಗಂಗವ್ವ ಇಂದೂರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಒಂದು ದಿನ ಕಳೆದಿತ್ತು.

ಹದಿನೈದು ದಿನ ಬಿಟ್ಟು ಆರ್ ಖೋಲಿಗೆ ಬಂದರು. ಜಗಲಿಯ ಮೇಲೆ ಇಬ್ಬರೂ ಕೂತೆವು. ಅವರೇ ಮಾತು ತೆಗೆದರು.

“ಅವತ್ತು ನೀವು ನನ್ನ ಇಂದೂರಿಗೆ ಹೋಗು ಅಂತ ಗದರಿಸಬೇಕಿತ್ತೇನೋ ಅಕ್ಕಾರ.”

ನಾನು ಅವರ ಚೀಲ ಎತ್ತಿ ಪಕ್ಕಕ್ಕಿಟ್ಟೆ.

“ಗದರಿಸಿದ್ರ ಹೋಗ್ತಿದ್ನಿ” ಎಂದರು. “ಕೂಸಿನ ಸಲುವಾಗಿ ನಿಮ್ಮ ಮ್ಯಾಲ ಸಿಟ್ಟನೂ ಆಗ್ತಿದ್ನಿ.”

ವಿಸ್ತರಣೆಯ ಕೊನೆಯ ವಾರದಲ್ಲಿ ಅವರು ದಾಂಡೇಲಿಯಲ್ಲಿಯೇ ಒಂದು ಬಾಡಿಗೆ ಕೋಣೆ ಹಿಡಿದರು. ಕಾಗದದ ಕಾರ್ಖಾನೆಯ ಕೆಲಸಗಾರರ ಕುಟುಂಬಗಳು ಇರುವ ಒಂದು ಓಣಿಯಲ್ಲಿ. ಇಂದೂರೂ ಅಲ್ಲ, ಕುಂಬಾರವಾಡವೂ ಅಲ್ಲ ಯಾಕೆ ಎಂದು ನಾನು ಕೇಳಲಿಲ್ಲ. ಹಾಲು ಉಕ್ಕಿಸುವ ದಿನ ನನ್ನನ್ನೂ ಜೈನಾಬಿಯನ್ನೂ ಕರೆದಿದ್ದರು. ಗಣಪತಿ ಹೆಂಡತಿಯೊಂದಿಗೆ ಬಂದಿದ್ದರು. ರೋಜಿ ಮಗುವಿನೊಂದಿಗೆ ಬಂದಿದ್ದಳು. ಅವರು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಹತ್ತು ಅಡಿಯ ಕೋಣೆಯಲ್ಲಿ ಯಾರು ಯಾರನ್ನು ಏನೆಂದು ಕರೆಯಬೇಕೋ ತಿಳಿಯದೆ ಎಲ್ಲರೂ ಹಾಲಿನ ಪಾತ್ರೆಯನ್ನೇ ನೋಡುತ್ತಿದ್ದೆವು.

ಗಂಗವ್ವ ಒಲೆಯ ಮುಂದಿನಿಂದ ತಿರುಗಿ, “ಗಣಪತಿ, ಇಕಿ ನನ್ನ ಮಗಳು” ಎಂದರು.

ಗಣಪತಿ ತಲೆಯಾಡಿಸಿದರು, ಅಷ್ಟೇ. ಮಗುವನ್ನು ಎತ್ತಿಕೊಳ್ಳಲಿಲ್ಲ. ಊಟ ಮುಗಿದ ಮೇಲೆ ಅಂಗಳದಲ್ಲಿ ಕೈ ತೊಳೆಯುತ್ತ ರೋಜಿಯನ್ನು ಕೇಳಿದರು. “ನಿಮ್ಮೂರ ಬಸ್ ಎಷ್ಟಕ್ಕೈತವಾ? ಕೂಸಿಗೆ ಬಿಸಲಾಗ್ತೈತಿ, ಸ್ಟ್ಯಾಂಡಿನ ತನಕ ನಾ ಬರ್ತೇನಿ ತಡಿ.”

ಆಮೇಲೂ ಎರಡು ವರ್ಷ ನಾನು ಆ ಕೆಲಸದಲ್ಲಿದ್ದೆ. ಬಂದವರನ್ನು ಮೊದಲ ತಿಂಗಳಲ್ಲಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳುವುದನ್ನು ಬಿಟ್ಟೆ. ‘ಸಂಬಂಧಿಕರು’ ಎಂಬ ಜಾಗದಲ್ಲಿ ಗೆರೆ ಎಳೆಯುವುದನ್ನೂ ಬಿಟ್ಟೆ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಮನೆಯಿಲ್ಲದವರಿಗೆ ಮನೆ ಕೊಡಿಸುವುದು ನಮ್ಮ ಕೆಲಸವೆಂದು ತಿಳಿದು ಸೇರಿದ್ದೆ. ಕೆಲವರಿಗೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಇರುವುದಕ್ಕೂ ಒಂದು ಬಾಗಿಲು, ಒಂದು ಬೀಗದ ಕೈ ಬೇಕಾಗುತ್ತದೆ ಎಂಬುದನ್ನು ಗಂಗವ್ವ ಕಲಿಸಿದರು. ಆದರೆ ಆ ಕಲಿಕೆ ಪುಕ್ಕಟೆ ಬರಲಿಲ್ಲ. ನಾನು ಬರೆದ ಆ ಒಂದು ಸಾಲಿನ ವಿಸ್ತರಣೆ ಅರ್ಜಿಯಿಂದ ಆಕೆಗೆ ತನ್ನದೇ ಮನೆ ಆಯಿತು. ಅದೇ ಅರ್ಜಿಯಿಂದ ಇಂದೂರಿನ ಹೊರಸಿನ ಮೇಲೆ ಒಬ್ಬ ಮನುಷ್ಯ ಕೊನೆಯ ಗಳಿಗೆಯಲ್ಲಿ ಬಾಗಿಲ ಕಡೆ ನೋಡುತ್ತ ಹೋದ. ಹಾಗೆಂದು ಗಣಪತಿ ನನಗೆ ಹೇಳಿದ್ದಾರೆ. ಗಂಗವ್ವನಿಗೆ ಅದನ್ನು ಅವರು ಹೇಳಿಲ್ಲ. ನಾನೂ ಹೇಳಿಲ್ಲ.